ಅಜ್ಜಿಯ ಲಾಗಿನ್‌ನಲ್ಲಿ ನನ್ನ ಧಾರೆ ಸೀರೆ

ಮದುವೆ ಹತ್ತಿರವಾದಾಗ ಹೆಣ್ಣುಮಕ್ಕಳು ಅಳುತ್ತಾರೆ ಎಂದು ಕೇಳಿದ್ದೆ. ನಾನು ನಕ್ಕಿದ್ದೇ ಹೆಚ್ಚು. ನಗಬಾರದ ಕಡೆ ನಗು ಬರುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ನಿಶ್ಚಿತಾರ್ಥದ ದಿನ ಪುರೋಹಿತರು ಲಗ್ನಪತ್ರಿಕೆ ಓದುವಾಗಲೂ ತುಟಿ ಕಚ್ಚಿಕೊಂಡೇ ಕೂತಿದ್ದೆ. ಧಾರೆ ಸೀರೆಯ ವಿಷಯದಲ್ಲಿ ಮಾತ್ರ ಒಂದು ವಾರ ನಗುವೂ ಅಳುವೂ ಒಟ್ಟಿಗೆ ಬಂದವು. ಅದಕ್ಕೆಲ್ಲ ಕಾರಣ ನಮ್ಮ ಮನೆಯ ಹಳೇ ಕಂಪ್ಯೂಟರು.

ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ನೇಯುವ ಮನೆ. ನಡುಮನೆಯಲ್ಲಿ ಅಪ್ಪನ ಮಗ್ಗ, ಅದರ ಪಕ್ಕದ ಮೂಲೆಯಲ್ಲಿ ನನ್ನ ಕಂಪ್ಯೂಟರು. ಅಂಚು ಸೆರಗುಗಳ ಚಿತ್ತಾರವನ್ನು ಚೌಕದಿಂದ ಚೌಕಕ್ಕೆ ಚುಕ್ಕೆ ತುಂಬುತ್ತಾ ನಾನು ಬರೆಯುತ್ತೇನೆ. ಅದನ್ನು ನೋಡಿಕೊಂಡು ಪೇಟೆಯಲ್ಲೊಬ್ಬರು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದುಕೊಡುತ್ತಾರೆ. ಆ ಕಾರ್ಡುಗಳನ್ನು ಪೋಣಿಸಿ ಮಗ್ಗದ ಮೇಲೆ ಏರಿಸಿದರೆ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೆ ಕೂರಬೇಕು ಎನ್ನುವುದು ಮಗ್ಗಕ್ಕೆ ತಿಳಿಯುತ್ತದೆ.

ನಮ್ಮ ಮನೆಯ ಪದ್ಧತಿಯ ಪ್ರಕಾರ ಮಗಳ ಧಾರೆ ಸೀರೆ ಮನೆಯ ಮಗ್ಗದಲ್ಲೇ ಆಗಬೇಕು. ಅದರ ಅಂಚು ಹೊಸದಾಗಿರಬೇಕು, ಅದಕ್ಕೆ ಮುಂಚೆ ಯಾರೂ ಉಟ್ಟಿರಬಾರದು. ಕೆಲಸ ಶುರುವಾಗುವುದು ಮನೆಯ ಹಿರಿಯರ ಕೈಯಿಂದ. ಮದುಮಗನಂತೂ ಧಾರೆಯ ಹೊತ್ತಿನವರೆಗೂ ಅದನ್ನು ಕಣ್ಣಿನಿಂದ ನೋಡಕೂಡದು. ಈ ಪದ್ಧತಿ ಎಷ್ಟು ತಲೆಮಾರಿನದೋ ಎಂದುಕೊಂಡು ನಾನು ಬಹಳ ಹೆಮ್ಮೆಪಡುತ್ತಿದ್ದೆ.

ಮದುಮಗ ಯಳಂದೂರಿನವರು. ಅಲ್ಲಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಿದ್ದರು. ಈಗ ನನ್ನ ಗಂಡ, ಹಾಗಾಗಿ ‘ಇವರು’ ಎಂದೇ ಬರೆಯುತ್ತೇನೆ. ಹೆಣ್ಣು ನೋಡಲು ಬಂದ ದಿನ ಇವರು ನನ್ನ ಕಡೆ ಒಂದು ಸಲ ನೋಡಿದರು, ಕಂಪ್ಯೂಟರಿನ ಕಡೆ ಹತ್ತು ಸಲ ನೋಡಿದರು. ಅದು ಆಮೆಗಿಂತ ನಿಧಾನವಾಗಿ ತೆರೆದುಕೊಳ್ಳುವುದನ್ನು ಕಂಡು ಪಾಪ, ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ. ಮುಂದಿನ ಭಾನುವಾರವೇ ಬಂದು ಹಳೆಯದನ್ನೆಲ್ಲ ಅಳಿಸಿ ಲಿನಕ್ಸ್ ಎಂಬ ಬೇರೆ ತಂತ್ರಾಂಶ ಹಾಕಿಕೊಟ್ಟರು. “ಮೊದಲ ಲಾಗಿನ್ ಯಾರ ಹೆಸರಲ್ಲಿ ಮಾಡ್ಲಿ?” ಎಂದು ಕೇಳಿದರು.

ಅಪ್ಪ ಯೋಚಿಸಲೂ ಇಲ್ಲ. “ಮೊದ್ಲು ನಮ್ಮವ್ವುಂದು. ಆಮ್ಯಾಕೆ ಮಿಕ್ಕೋರ್ದು” ಎಂದರು.

ಹೊಸ ಮಗ್ಗ ಹೂಡಿದರೂ ಅಜ್ಜಿಯ ಕೈ, ಹೊಸ ಮಿಕ್ಸಿ ತಂದರೂ ಅಜ್ಜಿಯ ಕೈ. ಕಂಪ್ಯೂಟರು ಯಾವ ಲೆಕ್ಕ? ಮೊದಲು ಹುಟ್ಟಿದ ಲಾಗಿನ್ನಿಗೇ ಆ ಯಂತ್ರದ ಯಜಮಾನಿಕೆ ಎಂದು ಇವರಿಗೆ ಗೊತ್ತಿತ್ತು. ಹೊಸ ಸಂಬಂಧ, ಮಾವನ ಮಾತು, ಬಾಯಿ ಬಿಡಲಿಲ್ಲ. ಎರಡನೆಯ ಲಾಗಿನ್ ನನಗೆ. ಅಜ್ಜಿ ನನ್ನನ್ನು ಕರೆಯುವ ಹಾಗೆ ಅದಕ್ಕೆ ‘ಮಗ’ ಎಂದೇ ಹೆಸರಿಟ್ಟರು. ಅಜ್ಜಿ ನಮ್ಮೆಲ್ಲರನ್ನೂ ಗೋಡೆ ಕಡೆ ತಿರುಗಿಸಿ ನಿಲ್ಲಿಸಿ ತನ್ನ ಪಾಸ್‌ವರ್ಡ್ ತಾನೇ ಒತ್ತಿದಳು. “ಇದನ್ನ ಯಾರಿಗೂ ಹೇಳ್ಬೇಡಿ ಅಜ್ಜಿ, ಮನೆಯವರಿಗೂ ಹೇಳ್ಬೇಡಿ” ಎಂದು ಇವರು ಬುದ್ಧಿ ಹೇಳಿದರು. ಆ ಬುದ್ಧಿಯೇ ಆಮೇಲೆ ನಮ್ಮ ಜೀವ ತಿಂದಿತು.

ಒಳ್ಳೆಯ ದಿನ ನೋಡಿ, ಮಾನಿಟರಿಗೆ ಕುಂಕುಮ ಹಚ್ಚಿ, ಅಜ್ಜಿ ತನ್ನ ಲಾಗಿನ್ನಿನಲ್ಲಿ ನನ್ನ ಸೀರೆಯ ಮೊದಲ ಚುಕ್ಕೆ ಇಟ್ಟಳು. ಮುಂದಿನದನ್ನು ನಾನು ಅದೇ ಕಡೆ ಮುಂದುವರಿಸಿದೆ. ಅಜ್ಜಿಯ ಲಾಗಿನ್ನಿನಿಂದ ಹೊರಗೆ ಬರಬೇಕು ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಕಂಪ್ಯೂಟರನ್ನು ಆರಿಸುತ್ತಲೂ ಇರಲಿಲ್ಲ, ಸುಮ್ಮನೆ ಮಲಗಿಸುತ್ತಿದ್ದೆ, ಎಬ್ಬಿಸುತ್ತಿದ್ದೆ. ಹುಣಸೆ ಹೂವಿನ ಸಾಲು, ಅದರ ಮಧ್ಯೆ ಒಂದೊಂದು ಗಿಣಿ. ಗಿಣಿಯ ಕೊಕ್ಕು ಸರಿಬರಲಿಲ್ಲ ಎಂದು ಎಷ್ಟು ಸಲ ಅಳಿಸಿ ಬರೆದೆನೋ. ಕಾಪಿ ಇಟ್ಟುಕೊಂಡಿರಲಿಲ್ಲವೇ ಎಂದು ದಯವಿಟ್ಟು ಕೇಳಬೇಡಿ, ಕೇಳಿದವರಿಗೆಲ್ಲ ಆಗಲೇ ಬೈದು ಮುಗಿಸಿದ್ದೇನೆ.

ಅಷ್ಟರಲ್ಲಿ ಕೌದಳ್ಳಿಯಲ್ಲಿರುವ ಅಜ್ಜಿಯ ತಂಗಿಗೆ ಕಣ್ಣಿನ ಆಪರೇಷನ್ ಆಯಿತು. ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಬಿಡಲು ಅಜ್ಜಿ ಅಲ್ಲಿಗೆ ಹೋದಳು. ಅವಳು ಹೋದ ಮೂರನೆಯ ದಿನ ಕರೆಂಟು ಹೋಗಿ ಬಂತು. ಕಂಪ್ಯೂಟರು ಎದ್ದು ನಿಂತು ಅಜ್ಜಿಯ ಪಾಸ್‌ವರ್ಡ್ ಕೇಳಿತು.

ಇರಲಿ ಎಂದು ‘ಮಗ’ನ ಹೆಸರಿನಲ್ಲಿ ಒಳಗೆ ಹೋಗಿ ಅಜ್ಜಿಯ ಫೋಲ್ಡರನ್ನು ಒತ್ತಿದೆ. ಇದನ್ನು ನೋಡಲು ನಿಮಗೆ ಅನುಮತಿ ಇಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ಬರೆದವಳು ನಾನು, ಉಡುವವಳು ನಾನು, ಅನುಮತಿ ಇಲ್ಲವಂತೆ! ಕೀಬೋರ್ಡಿಗೆ ಎರಡು ಕುಟ್ಟಿದೆ, ಆಮೇಲೆ ಅಜ್ಜಿಗೆ ಫೋನ್ ಮಾಡಿದೆ.

“ಅಜ್ಜಿ, ನಿನ್ ಪಾಸ್‌ವರ್ಡ್ ಏಳ್ಬುಡು, ಅರ್ಜೆಂಟು.”

“ಏಳಾಕ್ ಬರಾಕಿಲ್ಲ ಕಣ್ ಮಗ. ಇಂಗ್ಲೀಸ್ ಅಕ್ಸರ ನಂಗೆಲ್ ಗೊತ್ತು? ಕೈಗ್ ಗೊತ್ತು. ಮ್ಯಾಲಿಂದ ಕೆಳಿಕ್ ಬತ್ತದೆ, ಆಮ್ಯಾಕೆ ಎಡಕ್ ಓಯ್ತದೆ.”

“ಯಾವ್ ಗುಂಡಿಯಿಂದ ಶುರು ಅನ್ನಾದಾರ ಏಳು.”

“ಯಾಕೇಳ್ಲಿ? ಮನೇವ್ರಿಗೂ ಏಳ್ಬ್ಯಾಡಿ ಅಂತ ಅಳಿಯಂದ್ರು ಏಳಿಲ್ವಾ?” ಎಂದು ಫೋನು ಇಟ್ಟೇಬಿಟ್ಟಳು.

ಕಾರ್ಡು ಹೊಡೆಯುವವರು ಬೇರೆ ಸೋಮವಾರದ ಗಡುವು ಕೊಟ್ಟಿದ್ದರು. ಅದು ದಾಟಿದರೆ ಅವರು ಮತ್ತೊಬ್ಬರ ಕೆಲಸ ಹಿಡಿಯುತ್ತಾರೆ, ನಮ್ಮ ಸೀರೆ ಮದುವೆಯ ಹೊತ್ತಿಗೆ ಮಗ್ಗದಿಂದ ಇಳಿಯುವುದಿಲ್ಲ. ಅಪ್ಪನ ಒಡಹುಟ್ಟು, ನಮ್ಮ ಸೋದರತ್ತೆಯ ಮದುವೆಯ ಅಂಚಿನ ಹಳೇ ಕಾರ್ಡುಗಳು ಅಟ್ಟದ ಮೇಲಿದ್ದವು. ಅಪ್ಪ ಎರಡು ಸಲ ಅತ್ತ ನೋಡಿದರು. ನನ್ನ ಗಿಣಿಗಳು ಬೀಗದೊಳಗೆ ಕೂತಿರಲಿ, ನಾನು ಅತ್ತೆಯ ಅಂಚಿನಲ್ಲಿ ಧಾರೆಗೆ ನಿಲ್ಲಲೇ? ಅವತ್ತು ಅಡುಗೆಮನೆಗೆ ಹೋಗಿ ನಿಜವಾಗಿ ಅತ್ತುಬಿಟ್ಟೆ.

ಯಳಂದೂರಿಗೆ ಫೋನ್ ಹೋಯಿತು. “ಅಷ್ಟೇನಾ?” ಎಂದರು ಇವರು, ಬಹಳ ಧೈರ್ಯವಾಗಿ. “ರಿಕವರಿ ಮೋಡ್‌ನಲ್ಲಿ ಒಳಗೆ ಹೋದ್ರೆ ಪಾಸ್‌ವರ್ಡೇ ಬೇಡ. ಅಜ್ಜಿದನ್ನ ಅಳಿಸಿ ಹೊಸದು ಹಾಕ್ಬಿಡೋಣ. ಐದು ನಿಮಿಷ.”

ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಅಪ್ಪನ ಮುಖ ಕೆಂಪಾಯಿತು. “ನಮ್ಮವ್ವ ಆಕಿರೋ ಬೀಗ ಅವಳ್ಗೇ ಗೊತ್ತಿಲ್ದಂಗೆ ಒಡಿಯಾದಾ? ಅದ್ರಾಗೂ ಧಾರೆ ಸೀರೆ ವಿಚಾರದಾಗೆ? ಆಗಾಕಿಲ್ಲ.”

“ಹಾಗಾದ್ರೆ ಅಜ್ಜೀನ ಕರ್ಕೊಂಡ್ ಬನ್ನಿ ಮಾವ.”

“ಅವ್ಳು ತಂಗಿ ಕಣ್ಗೆ ಅನಿ ಬುಡದ್ ಬುಟ್ಟು ಬರಾಕಿಲ್ಲ. ಅವ್ವ ಬರಾಕಿಲ್ಲ ಅಂದ್ರೆ ಕಂಪ್ಯೂಟ್ರೇ ಅಲ್ಲಿಗ್ ಓಗ್ಲಿ.”

ಹಾಗೆ ನಮ್ಮ ಕಂಪ್ಯೂಟರಿನ ಸಿಪಿಯು ಶನಿವಾರ ಬೆಳಿಗ್ಗೆ ಹಳೇ ಜಮಖಾನದಲ್ಲಿ ಸುತ್ತಿಸಿಕೊಂಡು ಕೌದಳ್ಳಿಯ ಮೇಲೆ ಹೋಗುವ ಬೆಟ್ಟದ ಬಸ್ಸು ಹತ್ತಿತು. ಮಾನಿಟರು ಬೇಡ, ಚಿಕ್ಕಜ್ಜಿಯ ಮನೆಯಲ್ಲಿ ದೊಡ್ಡ ಟಿವಿ ಇದೆ. ಆದರೆ ನಮ್ಮ ಹಳೇ ಪೆಟ್ಟಿಗೆಯ ವೈರು ಅವರ ಹೊಸ ಟಿವಿಗೆ ಕೂರುವುದಿಲ್ಲ, ನಡುವೆ ಒಂದು ಜೋಡಣೆ ಬೇಕು. ಹನೂರಿನಲ್ಲಿ ತಮ್ಮ ಸ್ನೇಹಿತರ ಅಂಗಡಿಯಲ್ಲಿ ಅದು ಸಿಗುತ್ತದೆ, ತಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ ಎಂದು ಇವರು ಹೇಳಿದ್ದರು.

ಸಿಪಿಯು ನನ್ನ ತೊಡೆಯ ಮೇಲೆ, ಕೀಬೋರ್ಡು ಅಪ್ಪನ ಕಂಕುಳಲ್ಲಿ. ಕಂಡಕ್ಟರು ಜಮಖಾನವನ್ನು ಬೆರಳಿನಿಂದ ತಟ್ಟಿ, “ಏನ್ರೀ ಇದು, ದೇವ್ರಾ?” ಎಂದರು.

“ನಮ್ಮವ್ವ ಸಾ. ಅಂದ್ರೆ ನಮ್ಮವ್ವುಂದು” ಎಂದರು ಅಪ್ಪ. ಕಂಡಕ್ಟರು ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡು, ಚಪ್ಪಲಿ ಬಿಟ್ಟು ನಮಸ್ಕರಿಸುವುದೊಂದು ಬಾಕಿ, ಅಷ್ಟು ಗೌರವದಿಂದ ಮುಂದಿನ ಸೀಟಿಗೆ ಹೋದರು. ಅವರು ಏನೆಂದುಕೊಂಡರೋ ದೇವರೇ ಬಲ್ಲ. ಮಧುವನಹಳ್ಳಿ ದಾಟುವವರೆಗೂ ನಾನು ಕಿಟಕಿಗೆ ಮುಖ ಮಾಡಿಕೊಂಡು ನಗು ನುಂಗಿದೆ.

ಹನೂರಿನಲ್ಲಿ ಇವರು ನಿಂತಿದ್ದರು. ಇಸ್ತ್ರಿ ಮಾಡಿದ ನೀಲಿ ಅಂಗಿ, ತಲೆಗೆ ಎಣ್ಣೆ, ಕೈಯಲ್ಲಿ ಒಂದು ಗೇಣುದ್ದದ ಕರೀ ವೈರು. ಅದನ್ನು ಕಿಟಕಿಯಿಂದ ಕೊಡುವಾಗ ನನ್ನ ಬೆರಳಿಗೆ ಇವರ ಬೆರಳು ತಾಗಿತು. ಅಪ್ಪ ಪಕ್ಕದಲ್ಲೇ ಇದ್ದುದರಿಂದ ನಾವಿಬ್ಬರೂ ಆ ವೈರನ್ನೇ ದಿಟ್ಟಿಸಿದೆವು, ಅಂಥ ವೈರನ್ನು ಲೋಕದಲ್ಲಿ ಯಾರೂ ಕಂಡೇ ಇಲ್ಲವೆನ್ನುವಂತೆ. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಸೀರೆಯ ಚಿಂತೆ ಅರ್ಧ ದಾರಿ ಮರೆತೇಹೋಯಿತು. ಬಸ್ಸು ಹೊರಟಾಗ ಹಿಂದೆಯೇ ಇವರ ಬೈಕು. ಅಪ್ಪ ಹಿಂತಿರುಗಿ ನೋಡಿ, “ಈಯಪ್ಪ ಎಲ್ಗ್ ಬತ್ತಾವ್ನೆ?” ಎಂದು ಗೊಣಗಿದರು. ಬೇಡ ಎನ್ನಲಿಲ್ಲ.

ಕೌದಳ್ಳಿಯಲ್ಲಿ ಚಿಕ್ಕಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ರಾಣಿಯಂತೆ ಕೂತಿದ್ದಳು. ಅಕ್ಕಪಕ್ಕದ ನಾಲ್ಕು ಹೆಂಗಸರು ಸಿನಿಮಾ ಹಾಕುತ್ತಾರೆಂದು ಬಂದು ಚಾಪೆ ಹಿಡಿದಿದ್ದರು. ಅಜ್ಜಿ ಇವರನ್ನು ಕಂಡವಳೇ ಸೆರಗು ಸರಿಮಾಡಿಕೊಂಡು, ಮೊದಲು ಕಾಫಿ ಕೊಟ್ಟು, ಆಮೇಲೆ ಕಾನೂನು ಹೊರಡಿಸಿದಳು. “ಅಳಿಯಂದ್ರು ಜಗ್ಲಿ ಮ್ಯಾಲೆ ಕುಂತ್ಕಳಿ. ಟಿವಿಗ್ ಬೆನ್ ಮಾಡಿ. ಅಲ್ಲಿಂದ್ಲೇ ಏಳಿ, ನಾವ್ ಮಾಡ್ತೀವಿ. ಸೀರೆ ನೋಡಂಗಿಲ್ಲ.”

ಹೀಗೆ ಶುರುವಾಯಿತು ನಮ್ಮ ರಿಪೇರಿ. ಕಂಪ್ಯೂಟರ್ ಬಲ್ಲ ಒಬ್ಬರೇ ಮನುಷ್ಯ ಬಾಗಿಲಾಚೆ ಬೀದಿಯ ಕಡೆ ಮುಖ ಮಾಡಿ ಕೂತಿದ್ದಾರೆ. ಒಳಗೆ ಅಜ್ಜಿ ಕೀಬೋರ್ಡು ಹಿಡಿದಿದ್ದಾಳೆ. ನಾನು ಅವಳ ಪಕ್ಕ ಕೂತು ಅಕ್ಷರ ತೋರಿಸುತ್ತಿದ್ದೇನೆ. ಅಪ್ಪ ಹೊಸ್ತಿಲ ಮೇಲೆ ನಿಂತು, ಒಳಗಿನ ಮಾತು ಹೊರಗೆ, ಹೊರಗಿನ ಮಾತು ಒಳಗೆ ಸಾಗಿಸುತ್ತಿದ್ದಾರೆ, ಎರಡೂ ಕಡೆ ಕೇಳುತ್ತಲೇ ಇದ್ದರೂ.

ಎಲ್ಲರೂ ಕಣ್ಣು ಮುಚ್ಚಿದೆವು. ಅಜ್ಜಿ ಟಕಟಕ ಎಂದು ಒತ್ತಿ ತನ್ನ ಲಾಗಿನ್ನಿನ ಒಳಗೆ ಹೋದಳು. ಚಾಪೆಯಿಂದ ಚಪ್ಪಾಳೆ ಬಂತು. “ಇನ್ನ ಆ ಫೋಲ್ಡರನ್ನ ಎತ್ತಿ ‘ಮಗ’ನ ಮನೆಗೆ ಇಡ್ಬೇಕು” ಎಂದು ಇವರು ಬೀದಿಗೆ ಹೇಳಿದರು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡರೆ ಸಾಕಾಗಿತ್ತು, ಆದರೆ ವೈರಿನ ಗಡಿಬಿಡಿಯಲ್ಲಿ ಅದನ್ನು ಯಾರೂ ತಂದಿರಲಿಲ್ಲ. ಇವರು ಒಂದೊಂದೇ ಅಕ್ಷರ ಕೂಗಿದರು, ನಾನು ತೋರಿಸಿದೆ, ಅಜ್ಜಿ ಒತ್ತಿದಳು. ಕಪ್ಪು ಪರದೆಯ ಮೇಲೆ ಕಂಪ್ಯೂಟರು ಮತ್ತೆ ಪಾಸ್‌ವರ್ಡ್ ಕೇಳಿತು. ಅಲ್ಲಿ ಏನು ಒತ್ತಿದರೂ ಒಂದು ಚುಕ್ಕೆಯೂ ಮೂಡುವುದಿಲ್ಲ, ಅದರ ರೀತಿಯೇ ಹಾಗೆ.

ಅಜ್ಜಿ ಒತ್ತುತ್ತಲೇ ಇದ್ದಳು, ಪರದೆ ಹಾಗೇ ಇತ್ತು. ಮಂಚದ ಮೇಲಿಂದ ಚಿಕ್ಕಜ್ಜಿ ಚೀರಿದಳು. “ಅಯ್ಯಯ್ಯೋ, ಟಿವಿಲಿ ಏನೂ ಬತ್ತಿಲ್ವಾ, ಇಲ್ಲಾ ನಂಗೇ ಕಾಣಾಕಿಲ್ವಾ? ಡಾಕ್ಟ್ರು ಕಣ್ಣೇ ತಗ್ದ್ಬುಟ್ಟವ್ರಾ?”

“ಬರಲ್ಲ ಅಜ್ಜಿ, ಅದು ಬರೋದೇ ಇಲ್ಲ! ನಿಮ್ ಕಣ್ಣು ಚೆನ್ನಾಗೇ ಇದೆ!” ಎಂದು ಇವರು ಗಾಬರಿಯಿಂದ ಎದ್ದು ತಿರುಗಲು ಹೋದರು. “ತಿರುಗ್ಬ್ಯಾಡಿ!” ಎಂದು ಒಳಗಿದ್ದ ಹೆಂಗಸರೆಲ್ಲ ಒಂದೇ ಗಂಟಲಿನಲ್ಲಿ ಕೂಗಿದೆವು. ಇವರು ಮತ್ತೆ ಬೀದಿಗೆ ಮುಖ ಮಾಡಿ ಕೂತರು. ನಾನು ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಉರುಳಿದೆ.

ಫೋಲ್ಡರು ನನ್ನ ಕಡೆ ಬಂತು. ನನ್ನ ಲಾಗಿನ್ನಿಗೆ ಹೋಗಿ ನೋಡಿದರೆ ಇದೆ, ಆದರೆ ಅದರ ಮೂಲೆಯಲ್ಲಿ ಪುಟ್ಟದೊಂದು ಬೀಗದ ಗುರುತು. ಒತ್ತಿದೆ. ಅನುಮತಿ ಇಲ್ಲ. ನಗು ಅಲ್ಲಿಗೇ ನಿಂತಿತು. ನನ್ನ ಮನೆಯೊಳಗೇ ಬಂದು ಕೂತು ನನಗೇ ಬಾಗಿಲು ತೆಗೆಯದಿದ್ದರೆ ಇನ್ನು ಯಾರನ್ನು ಕೇಳಲಿ? ನಾಡಿದ್ದೇ ಸೋಮವಾರ. “ಆಗ್ಲಿಲ್ಲ” ಎಂದೆ.

ಹೊರಗೆ ಇವರು ಹಣೆ ಚಚ್ಚಿಕೊಂಡದ್ದು ನಮಗೆಲ್ಲ ಕೇಳಿಸಿತು. “ತಪ್ಪು ನಂದೇ. ನಾವು ಜಾಗ ಬದಲಾಯಿಸಿದ್ವಿ, ಯಜಮಾನರನ್ನ ಬದಲಾಯಿಸ್ಲಿಲ್ಲ. ಎಲ್ಲಿಟ್ಟರೂ ಅದು ಇನ್ನೂ ಅಜ್ಜಿದೇ. ಅಜ್ಜಿ, ಇನ್ನೊಂದು ಸಲ ನಿಮ್ಮ ಕಡೆಗೆ ಹೋಗಿ. ಅದು ಇನ್ನು ಮೇಲೆ ‘ಮಗ’ನದು ಅಂತ ನೀವೇ ಬರೆದು ಕೊಡ್ಬೇಕು.”

ಅಜ್ಜಿ ಹೋದಳು. ಸಿ, ಎಚ್, ಓ, ಡಬ್ಲ್ಯೂ, ಎನ್ ಎಂದು ಯಜಮಾನಿಕೆ ಬದಲಿಸುವ ಅಪ್ಪಣೆಯ ಅಕ್ಷರಗಳು ಬೀದಿಯಿಂದ ಬಂದವು. ಆಮೇಲೆ ನನ್ನ ಲಾಗಿನ್ನಿನ ಹೆಸರಿನ ನಾಲ್ಕು ಅಕ್ಷರ. ಎಲ್ಲ ಒತ್ತಿಯಾಗಿ, ಕೊನೆಯ ಎಂಟರ್ ಗುಂಡಿಯ ಮೇಲೆ ಬೆರಳಿಟ್ಟು ಅಜ್ಜಿ ಬಾಗಿಲ ಕಡೆ ತಿರುಗಿದಳು.

“ಅಳಿಯಂದ್ರೇ, ಇದ್ ಒತ್ತುದ್ ಮ್ಯಾಲೆ ನಂಗ್ ಇದ್ ತೆಗಿಯಾಕ್ ಆಯ್ತದಾ?”

“ಇಲ್ಲ ಅಜ್ಜಿ. ಆಮೇಲೆ ಅದು ಅವರದು.”

“ಯಾರೂ ವಾಪಸ್ ಇಸ್ಕಳಾಕ್ ಆಗಾಕಿಲ್ವಾ?”

ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಈಗಲೂ ಬರುವುದಿಲ್ಲ. “ನೀವೊಬ್ರು ಇಸ್ಕೋಬಹುದು ಅಜ್ಜಿ. ಆ ಪಾಸ್‌ವರ್ಡ್ ನಿಮ್ಮ ಹತ್ರ ಇರೋ ತನಕ” ಎಂದರು.

ಅಜ್ಜಿ ಒತ್ತಲೂ ಇಲ್ಲ, ಬೆರಳು ತೆಗೆಯಲೂ ಇಲ್ಲ. ಕೊಡಲು ಮನಸ್ಸಿಲ್ಲವೇನೋ ಎಂದು ನನಗೆ ದಿಗಿಲಾಯಿತು. ಆಗ ಮಂಚದ ಮೇಲಿಂದ ಚಿಕ್ಕಜ್ಜಿ ಮೆಲ್ಲಗೆ ಬಾಯಿ ಬಿಟ್ಟಳು.

“ಯಾಕ್ ಕೇಳ್ತಾವ್ಳೆ ಅಂತ ನಂಗೊತ್ತು. ನಮ್ಮಪ್ಪ ಕಂಡೋರ್ ಮಗ್ಗದಾಗೆ ಕೂಲಿಗ್ ನೇಯ್ತಿದ್ದ. ಇವಳ್ ಮದ್ವೆಗೆ ಆ ಮಗ್ಗದ್ ಯಜಮಾನ್ರು ಒಂದ್ ಸೀರೆ ಕೊಟ್ರು. ನಮ್ಮಪ್ಪನೇ ನೇಯ್ದಿದ್ ಸೀರೆ. ಇವ್ಳು ಅದ್ ತನ್ದೇ ಅಂತ ಕುಣ್ದಾಡ್ಬುಟ್ಳು. ಧಾರೆ ಮುಗುದ್ ಮಾರ್ನೇ ದಿನ ಆಳ್ ಬಂದು, ಸೀರೆ ಕೊಡವ್ವ ಅಂತ ಬಾಗ್ಲಲ್ ನಿಂತ್ಕಂಡ. ಅರಿಶ್ಣ ಕೂಡ ಒಗ್ದಿರ್ಲಿಲ್ಲ.”

ಅಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟರು. ನನ್ನ ಕಡೆ ನೋಡಿ, “ನಮ್ಮನೆ ಪದ್ಧತಿ ಅನ್ಕಂಡಿದ್ಯಲ್ಲ, ನಮ್ಮ್ ತಾತ್ನೂ ಮಾಡಿಲ್ಲ ಮುತ್ತಾತ್ನೂ ಮಾಡಿಲ್ಲ. ನಿಮ್ಮತ್ತೆ ಮದ್ವೇಲಿ ಅವ್ವನೇ ಶುರು ಮಾಡುದ್ಳು” ಎಂದರು. ಅಜ್ಜಿ ಅದನ್ನು ಯಾಕೆ ಶುರು ಮಾಡಿದಳೆಂದು ಅಪ್ಪನಿಗೂ ಅವತ್ತಿನವರೆಗೆ ಗೊತ್ತಿರಲಿಲ್ಲ.

ಅಜ್ಜಿ ತಂಗಿಗೆ, “ನಿಂಗ್ ಕಣ್ ಬಂತು, ಬಾಯೂ ಬಂತು” ಎಂದು ಗದರಿ, ಎಂಟರ್ ಗುಂಡಿಯನ್ನು ಇಡೀ ಅಂಗೈಯಿಂದ ಒತ್ತಿದಳು. “ತಕ ಮಗ, ನಿಂದು. ಇನ್ ಆ ಪಾಸ್‌ವರ್ಡ್ ಇದ್ರೆ ತಾನೇ ವಾಪಸ್ ಇಸ್ಕಳಾದು? ಅದ್ನೂ ಮರ್ತ್ಬುಡ್ತೀನಿ.”

“ಅಜ್ಜೀ, ಬೇಡ! ಅದು ಮರೆತ್ರೆ ಇಡೀ ಕಂಪ್ಯೂಟರಿಗೇ ಯಜಮಾನರು ಇರಲ್ಲ!” ಎಂದು ಜಗಲಿಯಿಂದ ಕೂಗು ಬಂತು. ಗಾಬರಿಯಲ್ಲೂ ಇವರು ತಿರುಗಲಿಲ್ಲ. ಬಾಗಿಲಲ್ಲಿ ಕಾಣುತ್ತಿದ್ದ ಆ ನೀಲಿ ಬೆನ್ನನ್ನು ನೋಡಿ, ಈ ಮನುಷ್ಯನನ್ನು ಇವತ್ತೇ ಮದುವೆಯಾಗಬೇಕು ಎಂದು ನನಗೆ ಅನಿಸಿತು.

ನನ್ನ ಲಾಗಿನ್ನಿನಲ್ಲಿ ಫೋಲ್ಡರು ತೆರೆಯಿತು. ಆ ದೊಡ್ಡ ಟಿವಿಯ ತುಂಬ ಹುಣಸೆ ಹೂವು, ಗಿಣಿ. ಚಾಪೆಯವರು ಹೋ ಎಂದರು. ಚಿಕ್ಕಜ್ಜಿ ಕನ್ನಡಕ ಎತ್ತಿ ನೋಡಲು ಹೋಗಿ ಅಕ್ಕನಿಂದ ಕೈಗೆ ಏಟು ತಿಂದಳು. ನಾನು ಒಂದು ಚುಕ್ಕೆ ಬದಲಾಯಿಸಿ ಸೇವ್ ಮಾಡಿದೆ. ಆಯಿತು. ಅಜ್ಜಿಯನ್ನು ತಬ್ಬಿಕೊಂಡು ನಕ್ಕೆ, ಅತ್ತೆ, ಮೂಗು ಒರೆಸಿಕೊಂಡು ಮತ್ತೆ ನಕ್ಕೆ. ಹೊರಗಿನಿಂದ, “ಆಯ್ತಾ? ಕತ್ತು ನೋಯ್ತಿದೆ” ಎಂದು ಕೇಳಿಸಿತು.

ಸೋಮವಾರ ಕಾರ್ಡಿಗೆ ಕೊಟ್ಟೆವು. ಧಾರೆಯ ಹೊತ್ತಿಗೆ ನಡುವಿನ ಬಟ್ಟೆ ಸರಿದಾಗ ಇವರು ಮೊದಲು ಅಂಚು ನೋಡಿದರು, ಆಮೇಲೆ ನನ್ನ ಮುಖ. ನಾನು ಕೋಪಿಸಿಕೊಳ್ಳಲಿಲ್ಲ, ಅಷ್ಟು ದಿನ ಕಾದಿದ್ದರು ಪಾಪ. ಅಜ್ಜಿ ಹೇಳಿದಂತೆಯೇ ಪಾಸ್‌ವರ್ಡ್ ಮರೆತಳು. ಹೊಸದೇನನ್ನಾದರೂ ಹಾಕಲು ಹೋಗಿ ಕಂಪ್ಯೂಟರು ಅದನ್ನು ಕೇಳಿದಾಗಲೆಲ್ಲ ಕೈಯಾಡಿಸಿ, “ಒಂಟೋಯ್ತು ಕಣ್ ಮಗ” ಎನ್ನುತ್ತಾಳೆ. ನಿಜವಾಗಿ ಮರೆತಳೋ ನಾಟಕವೋ ನನಗೆ ಇಂದಿಗೂ ತಿಳಿಯದು. ರಿಕವರಿ ಮಾಡಿಬಿಡಲೇ ಎಂದು ಇವರು ಕೇಳುತ್ತಲೇ ಇರುತ್ತಾರೆ. ಈಗ ಬೇಡ ಎನ್ನುವವಳು ನಾನು.

ಮದುವೆಯಾಗಿ ಮೊದಲ ಸಲ ತವರಿಗೆ ಬಂದಾಗ ಆ ಸೀರೆಯನ್ನು ಅಜ್ಜಿಯ ಹೆಗಲ ಮೇಲೆ ಹೊದಿಸಿ, “ಒಂದ್ಸಲ ಉಟ್ಕ ಅಜ್ಜಿ, ಕನ್ನಡೀಲಿ ನೋಡ್ಕ” ಎಂದೆ. ಅಜ್ಜಿ ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ನಗುತ್ತಾ ಅದನ್ನು ಮಡಿಸಿ ನನ್ನ ಕೈಗಿಟ್ಟಳು.

“ಬ್ಯಾಡ ಕಣ್ ಮಗ. ಉಟ್ರೆ ವಾಪಸ್ ಕೊಡ್ಬೇಕಾಯ್ತದೆ.”

ಅವತ್ತು ಸಂಜೆ ನಾನು ಯಳಂದೂರಿಗೆ ಹೊರಡಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಅಜ್ಜಿಯ ಸೀರೆಗೆಂದು ಹೊಸ ಅಂಚಿನ ಮೊದಲ ಚುಕ್ಕೆ ನಾನೇ ಇಟ್ಟೆ. ಅಪ್ಪ ಮಗ್ಗಕ್ಕೆ ಹಾಸಿನ ಎಳೆಗಳನ್ನು ಏರಿಸತೊಡಗಿದರು.